ಪರಶುರಾಮನಿಗೆ ಸ್ವಾಟ್ ಬಂದದ್ದು

ಭದ್ರಾವತಿಯ ಜನ್ನಾಪುರದಲ್ಲಿ ‘ಗಗನ ಶಾಮಿಯಾನ ಸಪ್ಲೈಯರ್ಸ್’ ಇಟ್ಟುಕೊಂಡಿದ್ದ ಪರಶುರಾಮನಿಗೆ ಹೆಸರಿನಲ್ಲಿ ಕೊಡಲಿ ಇದ್ದುದು ಬಿಟ್ಟರೆ ಸ್ವಭಾವದಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅಂಗಡಿಯ ಹಿತ್ತಲಲ್ಲಿ ಮಡಚಿಟ್ಟ ಜಮಖಾನೆಗಳ ಮೇಲೆ ಮಲಗಿ, ಒಣಗಲು ಕಟ್ಟಿದ ಹಳೇ ಶಾಮಿಯಾನವನ್ನು ನೋಡುತ್ತಿರುವುದು ಅವನ ನಿತ್ಯದ ಪೂಜೆ. ಕೆಂಪು ಪಟ್ಟಿ, ಹಳದಿ ಪಟ್ಟಿಗಳನ್ನು ಹಾದು ಬಿಸಿಲು ಮೈಮೇಲೆ ಇಳಿಯುವಾಗ ತಾನು ಯಾವುದೋ ಹಣ್ಣಿನೊಳಗೆ ಮಲಗಿದ್ದೇನೆ ಅನ್ನಿಸುತ್ತಿತ್ತು ಅವನಿಗೆ. ಬಟ್ಟೆಯಲ್ಲಿದ್ದ ತೂತುಗಳು ನಕ್ಷತ್ರಗಳಂತೆ ಕಾಣುತ್ತಿದ್ದವು. ಬಾಡಿಗೆಗೆ ಒಯ್ದ ಮದುವೆ ಮನೆಯವರಿಗೆ ಮಾತ್ರ ಅವು ತೂತುಗಳಾಗಿಯೇ ಕಾಣುತ್ತಿದ್ದವು.

ಆ ನಕ್ಷತ್ರಗಳ ಕೆಳಗೆ ಪರಶುರಾಮ ಒಂದೇ ಕನಸನ್ನು ಮತ್ತೆ ಮತ್ತೆ ಕಾಣುತ್ತಿದ್ದ. ಶಿವಮೊಗ್ಗದ ಗೋಪಿ ವೃತ್ತದಿಂದ ಹಿಡಿದು ತುಂಗಾ ಸೇತುವೆಯವರೆಗೆ ಒಂದೇ ಶಾಮಿಯಾನ. ಕೆಳಗೆ ಬಸ್ಸುಗಳು, ಆಟೋಗಳು, ಹೂವಿನವರು, ಕೋರ್ಟಿಗೆ ಹೋಗುವ ವಕೀಲರು, ಎಲ್ಲರ ಮುಖದ ಮೇಲೂ ಕೆಂಪು ಹಳದಿ ನೆರಳು. ಯಾರೋ ಕೇಳುತ್ತಾರೆ, “ಇದು ಯಾರದ್ರೀ?” ಇನ್ಯಾರೋ ಹೇಳುತ್ತಾರೆ, “ಭದ್ರಾವತಿ ಪರಶುರಾಮಂದು.” ಅಷ್ಟರಲ್ಲಿ ಹೆಂಡತಿ ಶೀಲಾಳ ದನಿ ಕನಸಿನ ಗೂಟ ಕಿತ್ತು ಹಾಕುತ್ತಿತ್ತು.

“ಏಳ್ರೀ! ಕೆಂಚಪ್ಪನೋರ ಮನೆಗೆ ಹೋದ ಕೊಳಗ ಎಲ್ಲಿ? ಆಯನೂರಿಗೆ ಹೋದ ಕುರ್ಚಿ ಎಲ್ಲಿ? ನೀವು ಬಾಡಿಗೆ ಅಂಗಡಿ ಇಟ್ಟಿದೀರೋ, ದಾನಛತ್ರ ಇಟ್ಟಿದೀರೋ?”

ಕೊಟ್ಟ ಸಾಮಾನನ್ನು ವಾಪಸು ಕೇಳುವುದೆಂದರೆ ಪರಶುರಾಮನಿಗೆ ಪ್ರಾಣಸಂಕಟ. ಶೀಲಾಳಿಗೆ ಬೈಯುವುದರಲ್ಲಿ ಸಂಕಟವೇನೂ ಇರಲಿಲ್ಲ. ಬೆಳಗಿನ ಕಾಫಿಯ ಜೊತೆ ಶುರುವಾದರೆ ರಾತ್ರಿ ಬಾಗಿಲ ಚಿಲಕ ಹಾಕುವವರೆಗೂ ಅದು ಹಿನ್ನೆಲೆ ಸಂಗೀತದಂತೆ ನಡೆಯುತ್ತಿತ್ತು.

ಹೀಗಿರುವಾಗ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಶಿಬಿರ ನಡೆಯಿತು. ಕುರ್ಚಿಗಳಿಗೆ ಬಿಳಿ ಕವರು ತೊಡಿಸುವ ಕೆಲಸ ಪರಶುರಾಮನದು. ತೊಡಿಸಿ ಮುಗಿಸಿ ಗೋಡೆಗೆ ಒರಗಿ ನಿಂತಿದ್ದವನನ್ನು ತರಬೇತಿ ಕೊಡಲು ಬಂದಿದ್ದ ದಿವ್ಯಶ್ರೀ ಮೇಡಂ ನೋಡಿ, “ಸರ್, ಯಾಕೆ ನಿಂತಿದೀರಾ? ಮುಂದೆ ಬನ್ನಿ” ಎಂದರು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದಿ ಚಿನ್ನದ ಪದಕ ಪಡೆದ ಹುಡುಗಿ; ತನ್ನನ್ನು ಸರ್ ಎಂದಳು. ಪರಶುರಾಮ ತಾನೇ ಕವರು ತೊಡಿಸಿದ ಕುರ್ಚಿಯ ಮೇಲೆ ಮೊದಲ ಬಾರಿಗೆ ಅತಿಥಿಯಂತೆ ಕೂತ.

ಮೇಡಂ ಬೋರ್ಡಿನ ಮೇಲೆ ನಾಲ್ಕು ಮನೆ ಬರೆದು ಸ್ವಾಟ್ ಅನಾಲಿಸಿಸ್ ಎಂದರು. ಮೊದಲನೆಯದು ಸ್ಟ್ರೆಂತ್, ನಮ್ಮ ಬಲ. ಎರಡನೆಯದು ವೀಕ್‌ನೆಸ್, ನಮ್ಮ ದೌರ್ಬಲ್ಯ. ಮೂರನೆಯದು ಆಪರ್ಚುನಿಟಿ, ಹೊರಗಿರುವ ಅವಕಾಶ. ನಾಲ್ಕನೆಯದು ಥ್ರೆಟ್, ಹೊರಗಿನಿಂದ ಬರುವ ಅಪಾಯ. ಅಂಗಡಿಗೂ ಇದನ್ನು ಮಾಡಬಹುದು, ಮನುಷ್ಯನಿಗೂ ಮಾಡಬಹುದು. ಮಾಡಿಕೊಂಡವನು ಮೂರು ತಿಂಗಳಲ್ಲಿ ಬೇರೆಯೇ ಮನುಷ್ಯನಾಗುತ್ತಾನೆ. ಏಸಿಯ ತಂಪಿನಲ್ಲಿ ಪರಶುರಾಮನ ಕಣ್ಣು ಎರಡನೆಯ ಮನೆಗೂ ಮೂರನೆಯ ಮನೆಗೂ ನಡುವೆ ಕೊಂಚ ಮುಚ್ಚಿಕೊಂಡಿತ್ತಾದರೂ ಸಾರಾಂಶ ಒಳಗೆ ಇಳಿದಿತ್ತು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಆಪರ್ಚುನಿಟಿ ಮನೆಯಲ್ಲಿ ಅವನು ‘ಶಿವಮೊಗ್ಗ’ ಎಂದು ಬರೆದ. ಥ್ರೆಟ್ ಮನೆಯಲ್ಲಿ, ತನ್ನ ಅಂಗಡಿಯ ಎದುರಿಗೇ ಶಾಮಿಯಾನದ ಅಂಗಡಿ ಇಟ್ಟು, ಏಳೆಂಟು ವರ್ಷದಿಂದ ಮಾತು ಬಿಟ್ಟಿರುವ ಚೌಡಪ್ಪನ ಹೆಸರು ಬರೆದ. ವೀಕ್‌ನೆಸ್ ಬರೆಯತೊಡಗಿದರೆ ಆ ಮನೆ ತುಂಬಿ, ಪಕ್ಕದ ಮನೆಗೆ ನುಗ್ಗಿ, ಹಾಳೆಯ ಹಿಂಬದಿಗೂ ಹರಿಯಿತು.

ಮೇಡಂ ಅದನ್ನು ಓದಿ, “ಸರ್, ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದಿಲ್ಲ. ನೀವು ಖಂಡಿತ ಬೆಳೀತೀರಾ. ಏನಾದ್ರೂ ಕೇಳೋದಿದ್ರೆ ಮೆಸೇಜ್ ಮಾಡಿ” ಎಂದು ನಂಬರು ಕೊಟ್ಟರು.

ಪರಶುರಾಮ ಬಸ್‌ಸ್ಟ್ಯಾಂಡಿಗೆ ನಡೆದನೋ ತೇಲಿದನೋ ಅವನಿಗೇ ತಿಳಿಯಲಿಲ್ಲ. ಭದ್ರಾವತಿಯ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಸಿಕ್ಕವಳು ನೆರೆಮನೆಯ ಹಾಲಮ್ಮ. ಜನ್ನಾಪುರದಲ್ಲಿ ಒಂದು ಸುದ್ದಿ ಹಾಲಮ್ಮನ ಕಿವಿಗೆ ಬಿದ್ದರೆ ಪತ್ರಿಕೆಯ ಖರ್ಚು ಉಳಿಯುತ್ತಿತ್ತು. ಆದರೆ ಆ ಕಿವಿಗಳಲ್ಲಿ ಎಡಗಡೆಯದು ಸ್ವಲ್ಪ ಮಂದ. ಪರಶುರಾಮ ಕೂತದ್ದು ಎಡಗಡೆಯೇ. ಜೊತೆಗೆ ಬಸ್ಸಿನ ತಗಡೆಲ್ಲ ಒಂದೊಂದು ರಾಗದಲ್ಲಿ ಬಡಿದುಕೊಳ್ಳುತ್ತಿತ್ತು.

“ಏನ್ ಪರಶುರಾಮಣ್ಣ, ಒಂಥರಾ ಇದೀಯಲ್ಲ. ಶಿವಮೊಗ್ಗಕ್ಕೆ ಯಾಕೆ ಹೋಗಿದ್ದಿ?”

“ಅನಾಲಿಸಿಸ್ ಮಾಡಿಸ್ದೆ ಹಾಲಮ್ಮ” ಎಂದ ಪರಶುರಾಮ, ಕಿಟಕಿಯಾಚೆ ಓಡುವ ಮರಗಳನ್ನು ನೋಡುತ್ತ.

“ಅಯ್ಯೋ! ಏನ್ ಬಂತು?”

“ವೀಕ್‌ನೆಸ್ ಬಹಳ ಬಂತು. ಹಿಂದ್ಗಡೆವರೆಗೂ ಹೋಗಿತ್ತು. ಆಪರ್ಚುನಿಟಿ ಶಿವಮೊಗ್ಗದಲ್ಲೇ ಅಂತಾಯ್ತು. ಆಮೇಲೆ ಥ್ರೆಟ್.”

ಹಾಲಮ್ಮನ ಕಿವಿಗೆ ಆಪರೇಷನ್ ಎಂದು ಬಿತ್ತು. ಥ್ರೋಟ್ ಎಂದು ಬಿತ್ತು. ಅವಳು ತನ್ನ ಗಂಟಲನ್ನು ತಾನೇ ಮುಟ್ಟಿಕೊಂಡಳು. ಪರಶುರಾಮ ತನ್ನಷ್ಟಕ್ಕೆ ಮುಗುಳ್ನಗುತ್ತಿದ್ದ. ಸಾವನ್ನು ಹೀಗೆ ನಗುತ್ತ ಎದುರಿಸುವ ಗಂಡಸನ್ನು ಅವಳು ಹಿಂದೆ ನೋಡಿರಲಿಲ್ಲ.

ಬಸ್ಸಿಳಿದವನು ಅಂಗಡಿಗೆ ಹೋಗಿ ಜಮಖಾನೆಯ ಮೇಲೆ ಕೊಂಚ ಹೊತ್ತು ಕನಸು ಕಂಡು ಮನೆಗೆ ಬಂದ. ಹಾಲಮ್ಮ ನೇರವಾಗಿ ಅವನ ಮನೆಗೇ ಹೋಗಿದ್ದಳು. ಹೀಗಾಗಿ ಅವನು ಚಪ್ಪಲಿ ಬಿಡುವಾಗ ಶೀಲಾ ಹೊಸ್ತಿಲಲ್ಲಿ ಕಲ್ಲಿನಂತೆ ನಿಂತಿದ್ದಳು.

“ಅನಾಲಿಸಿಸ್ ಮಾಡಿಸಿದ್ರಂತೆ?”

“ಓ, ಆಗಲೇ ಗೊತ್ತಾಯ್ತಾ? ನಾನೇ ನಿಧಾನಕ್ಕೆ ಹೇಳೋಣ ಅಂತಿದ್ದೆ.”

“ವೀಕ್‌ನೆಸ್ಸು...” ಶೀಲಾಳ ದನಿ ಅಲ್ಲಿಗೇ ನಿಂತಿತು.

“ಹುಟ್ಟಿದಾಗಿನಿಂದ ಒಳಗೇ ಇತ್ತು ಮಾರಾಯ್ತಿ. ಈಗ ಗೊತ್ತಾಗಿದ್ದೇ ಪುಣ್ಯ. ಕೆಲವರಿಗೆ ಸಾಯೋವರೆಗೂ ಗೊತ್ತಾಗೋದೇ ಇಲ್ವಂತೆ.”

“ಮುಂದೇನಂತೆ?”

“ಮೂರು ತಿಂಗಳು ಅಂದಿದಾರೆ ಮೇಡಂ.”

ಶೀಲಾ ಗೋಡೆ ಹಿಡಿದುಕೊಂಡಳು. “ಮೂರೇ ತಿಂಗಳಾ?”

“ಅಷ್ಟರಲ್ಲಿ ಈ ಹಳೇ ಪರಶುರಾಮ ಇರಲ್ಲ ಬಿಡು” ಎಂದು ಪರಶುರಾಮ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಒಳಗಿನಿಂದ ಅವನು ಯಾವುದೋ ರಾಗ ಗುನುಗುವುದು ಕೇಳಿಸಿತು. ಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಹಿಂದೆ ಅತ್ತಳು. ಹೊರಗೆ ಬಂದಾಗ ಮುಖ ಒರೆಸಿಕೊಂಡಿದ್ದಳು. ಗಂಡನೇ ಇಷ್ಟು ಧೈರ್ಯವಾಗಿರುವಾಗ ತಾನು ಅತ್ತು ಅವನ ಎದೆ ಒಡೆಯಬಾರದು ಎಂದು ಅವಳು ನಿಶ್ಚಯಿಸಿದ್ದಳು. “ಜಾಸ್ತಿ ಮಾತಾಡ್ಬೇಡಿ. ಗಂಟಲಿಗೆ ಶ್ರಮ ಕೊಡ್ಬೇಡಿ” ಎಂದಳು ಮೆತ್ತಗೆ.

ಕಡಿಮೆ ಮಾತಾಡಿ, ಹೆಚ್ಚು ಕೇಳಿಸಿಕೊಳ್ಳಿ ಎಂದು ದಿವ್ಯಶ್ರೀ ಮೇಡಮ್ಮೂ ಹೇಳಿದ್ದರು. ಹೆಂಡತಿಗೆ ಇದು ಹೇಗೆ ಗೊತ್ತಾಯಿತೆಂದು ಪರಶುರಾಮನಿಗೆ ಸೋಜಿಗವಾಯಿತು.

ಆಮೇಲಿನ ದಿನಗಳು ಪರಶುರಾಮನ ಮಟ್ಟಿಗೆ ಮಂಜಿನಲ್ಲಿ ದೋಣಿ ಸಾಗಿದ ಹಾಗೆ ಸಾಗಿದವು. ಬೆಳಗ್ಗೆ ಕಣ್ಣು ಬಿಟ್ಟರೆ ಶೀಲಾ ಮಂಚದ ಪಕ್ಕ ಕೂತು ತನ್ನನ್ನೇ ನೋಡುತ್ತಿರುತ್ತಿದ್ದಳು. ಅರಿಶಿನ ಹಾಕಿದ ಬಿಸಿ ಹಾಲು. ಮಧ್ಯಾಹ್ನ ಮೆತ್ತಗಿನ ಗಂಜಿ. ಮಾತಿಲ್ಲ, ಬೈಗುಳವಿಲ್ಲ. ಅವನೇನಾದರೂ ಬಾಯಿ ತೆರೆದರೆ ಮನೆಗೆ ಬಂದವರೆಲ್ಲ ಒಟ್ಟಾಗಿ, “ಬೇಡ, ಬೇಡ, ಸುಮ್ನಿರಿ, ನಮಗೆಲ್ಲ ಅರ್ಥ ಆಗುತ್ತೆ” ಎನ್ನುತ್ತಿದ್ದರು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಎಳನೀರು, ಬ್ರೆಡ್ಡು, ಕಿತ್ತಳೆ. ತಾನು ಒಂದು ಹಾಳೆಯಲ್ಲಿ ನಾಲ್ಕು ಮನೆ ತುಂಬಿಸಿದ್ದಕ್ಕೆ ಇಡೀ ಊರೇ ಇಷ್ಟು ಬದಲಾಗುವುದಾದರೆ ಸರ್ಕಾರ ಇದನ್ನು ಯಾಕೆ ಕಡ್ಡಾಯ ಮಾಡಬಾರದು ಎಂದು ಅವನು ಯೋಚಿಸಿದ.

ಒಂದು ಸಂಜೆ ಕಾರ್ಖಾನೆಯಿಂದ ನಿವೃತ್ತನಾದ ಕೆಂಚಪ್ಪ ಆಟೋದಲ್ಲಿ ಅನ್ನ ಬೇಯಿಸುವ ದೊಡ್ಡ ಕೊಳಗವನ್ನು ಹೇರಿಕೊಂಡು ಬಂದ. ಮಗಳ ಮದುವೆಗೆಂದು ಒಯ್ದದ್ದು. ಆ ಮಗಳ ಮಗಳು ಈಗ ಹೈಸ್ಕೂಲಿನಲ್ಲಿದ್ದಳು.

“ಪರಶುರಾಮಣ್ಣ, ನಿಮ್ಮ ಸಾಮಾನು ಮನೇಲಿಟ್ಕೊಂಡು ನಿದ್ದೆ ಬರ್ತಿಲ್ಲ. ಮನಸ್ಸಲ್ಲಿ ಏನೂ ಇಟ್ಕೋಬೇಡಿ. ಅಲ್ಲಿಗೆ ಹೋದ್ಮೇಲೆ ನಮ್ಮನ್ನ ಮರೀಬೇಡಿ” ಎಂದು ಕೆಂಚಪ್ಪ ಕೈ ಮುಗಿದ.

ಅಲ್ಲಿಗೆ ಎಂದರೆ ಶಿವಮೊಗ್ಗಕ್ಕೆ ಎಂದು ಪರಶುರಾಮನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. “ಎಲ್ಲಾದ್ರೂ ಉಂಟೇ ಕೆಂಚಪ್ಪನೋರೆ! ಅಲ್ಲಿ ಹೋದ್ಮೇಲೂ ದಿನಾ ಸಂಜೆ ಬರ್ತೀನಿ. ನಿಮ್ಮನೆ ಮುಂದೇನೇ ಅಲ್ವಾ ದಾರಿ? ಹಂಗೇ ಒಳಗೆ ಬಂದು ಕಾಫಿ ಕುಡಿದೇ ಹೋಗೋದು.”

ಕೆಂಚಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಬೇಡ ಬೇಡ, ಬರೋ ಶ್ರಮ ಎಲ್ಲ ಯಾಕೆ? ಅಲ್ಲೇ ಸುಖವಾಗಿರಿ” ಎಂದವನು ಆಟೋಗೂ ಕಾಯದೆ ನಡೆದುಬಿಟ್ಟ. ಮರುದಿನ ಅವನ ಮನೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು.

ಸುದ್ದಿ ಹರಡಿದಂತೆ ಸಾಮಾನುಗಳು ಬಂದವು. ಕುರ್ಚಿಗಳು, ಸೌಟುಗಳು, ಯಾರದೋ ಹಟ್ಟಿಯಲ್ಲಿ ಎಮ್ಮೆಗೆ ನೆರಳಾಗಿದ್ದ ಶಾಮಿಯಾನದ ಒಂದು ಪಟ್ಟಿ. ಹಾಲಮ್ಮನ ಮನೆಯಿಂದಲೇ ಎರಡು ಜಮಖಾನೆ ಹೊರಟು ಬಂದವು. ಕೇಳಲು ನಾಚುತ್ತಿದ್ದವನ ಅಂಗಡಿ ಕೇಳದೆಯೇ ತುಂಬಿತು.

ಕೊನೆಗೆ ಎದುರಂಗಡಿಯ ಚೌಡಪ್ಪನೇ ರಸ್ತೆ ದಾಟಿ ಬಂದ. ಆ ರಸ್ತೆ ಅಗಲದಲ್ಲಿ ಸಣ್ಣದು. ಆದರೆ ಚೌಡಪ್ಪ ಅದನ್ನು ದಾಟಿದ್ದು ಬೀದಿಯವರಿಗೆಲ್ಲ ಸಮುದ್ರ ದಾಟಿದಂತೆ ಕಂಡಿತು. ಕೈಯಲ್ಲಿ ಸೇಬಿನ ಚೀಲ.

“ಪರಶುರಾಮ, ನಿನ್ನ ಶಾಮಿಯಾನ ಸೋರುತ್ತೆ ಅಂತ ಊರೆಲ್ಲ ಹೇಳ್ಕೊಂಡು ಬಂದೋನು ನಾನೇ ಮಾರಾಯ.”

“ಸೋರೋದು ನಿಜ ಅಲ್ವಾ” ಎಂದ ಪರಶುರಾಮ ಶಾಂತವಾಗಿ.

ಆ ಶಾಂತಿಗೆ ಚೌಡಪ್ಪನ ಗಡ್ಡ ನಡುಗಿತು. ಪರಶುರಾಮನಿಗೂ ಮನಸ್ಸು ತುಂಬಿ ಬಂತು. ಎಲ್ಲವನ್ನೂ ಬಿಚ್ಚಿ ಹೇಳಿಬಿಡಬೇಕು ಅನ್ನಿಸಿತು. “ಚೌಡಪ್ಪ, ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನ ಥ್ರೆಟ್ಟಿಗೆಲ್ಲ ನೀನೇ ಕಾರಣ ಅಂತ ಬರ್ದು ಕೊಟ್ಟಿದೀನಿ.”

ಚೌಡಪ್ಪ ಧೊಪ್ಪನೆ ಕೊಳಗದ ಮೇಲೆ ಕೂತ. ತನ್ನ ಕೆಟ್ಟ ಕಣ್ಣೇ ಈ ಸಾಧುವಿನ ಗಂಟಲಿಗೆ ತಗುಲಿತೇ? ಅದೂ ಬರೆದು ಕೊಟ್ಟಿದ್ದಾನಂತೆ, ಯಾರಿಗೆ, ಪೊಲೀಸರಿಗೋ ದೇವರಿಗೋ? ಅವನು ಪರಶುರಾಮನ ಎರಡೂ ಕೈ ಹಿಡಿದು ಚಿಕ್ಕ ಮಗುವಿನಂತೆ ಅತ್ತ. ನಿನ್ನ ಶೀಲಾಗೆ ನಾನು ಅಣ್ಣನ ಹಾಗೆ ನಿಲ್ತೀನಿ ಎಂದ. ಥ್ರೆಟ್ಟನ್ನೇ ಆಪರ್ಚುನಿಟಿಯಾಗಿ ಪರಿವರ್ತಿಸಬೇಕು ಎಂಬ ಮೇಡಂ ಮಾತು ಕಣ್ಣೆದುರೇ ನಿಜವಾಗುವುದನ್ನು ನೋಡಿ ಪರಶುರಾಮನಿಗೆ ರೋಮಾಂಚನವಾಯಿತು.

ವಾರ್ಡಿನ ನಗರಸಭಾ ಸದಸ್ಯೆ ಶಾಮಲಾ ಸುಮ್ಮನಿರುವವರಲ್ಲ. ಯಾರಿಗಾದರೂ ಸನ್ಮಾನ ಮಾಡುವುದಿದ್ದರೆ ಅವರು ಇರುವಾಗಲೇ ಮಾಡಬೇಕು, ಆಮೇಲೆ ಶಾಲು ಹೊದಿಸಿ ಏನು ಪ್ರಯೋಜನ ಎಂದರು. ಭಾನುವಾರ ಬೆಳಗ್ಗೆ ಶಾಲೆಯ ಮೈದಾನದಲ್ಲಿ ಕಾರ್ಯಕ್ರಮ ಎಂದಾಯಿತು. ಚೌಡಪ್ಪ ತನ್ನ ಹೊಚ್ಚಹೊಸ ನೀಲಿ ಶಾಮಿಯಾನ, ಮೈಕು ಎಲ್ಲವನ್ನೂ ತಾನೇ ನಿಂತು ಕಟ್ಟಿಸಿದ. ಶೀಲಾ ಅವನನ್ನು ಪಕ್ಕಕ್ಕೆ ಕರೆದು, ಇವರಿಗೆ ಇನ್ನು ಅಂಗಡಿಯ ಶ್ರಮ ಬೇಡ, ನೀವೇ ನೋಡಿಕೊಳ್ಳಿ ಎಂದು ಬೀಗದ ಕೈಯನ್ನೂ ಕೊಟ್ಟುಬಿಟ್ಟಳು. ಅದನ್ನು ವೇದಿಕೆಯ ಮೇಲೆ ಎಲ್ಲರೆದುರು ಘೋಷಿಸುವುದೆಂದು ಶಾಮಲಾ ಬರೆದುಕೊಂಡರು. ಇಪ್ಪತ್ತು ವರ್ಷ ಕನಸು ಕಂಡು ಕಟ್ಟಿದ ಗಗನ ಶಾಮಿಯಾನ ಹೀಗೆ ಮಾಲೀಕನಿಗೇ ತಿಳಿಯದೆ ಕೈ ಬದಲಾಯಿಸುವುದರಲ್ಲಿತ್ತು.

ಮಾಲೀಕನಿಗೆ ಚಿಂತೆ ಬೇರೆಯೇ ಇತ್ತು. ಎಲ್ಲ ಸುಖವಾಗಿದ್ದರೂ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಬೇಕೆಂದೇ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದು ನೋಡಿದ. ಶೀಲಾ ಸದ್ದಿಲ್ಲದೆ ಎತ್ತಿ ಒಣಗಿಸಿದಳು. ಕಾಫಿ ಚೆಲ್ಲಿ ನೋಡಿದ. ಅವಳು ನೆಲ ಒರೆಸಿ ಇನ್ನೊಂದು ಲೋಟ ತಂದಳು. ಅವಳು ಸೊರಗಿದ್ದಳು ಬೇರೆ. ಒಪ್ಪೊತ್ತು ಮಾಡುತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ಮೌನವಾದ ಮನೆಯಲ್ಲಿ ತಾನು ಯಾರದೋ ಮನೆಗೆ ಬಂದ ನೆಂಟನಂತೆ ಇದ್ದೇನಲ್ಲ ಎಂದು ಅವನಿಗೆ ದಿಗಿಲಾಯಿತು. ಮೇಡಂ ಬಂದಾಗ ಅವರ ಹತ್ತಿರವೇ ಇದನ್ನು ಕೇಳಬೇಕು ಎಂದುಕೊಂಡು ಮೊಬೈಲಿನಲ್ಲಿ ಮೆಸೇಜು ಕಳಿಸಿದ: “ಭಾನುವಾರ ಊರಿನವರು ನನಗೆ ಸನ್ಮಾನ ಮಾಡ್ತಿದಾರೆ. ಎಲ್ಲ ನೀವು ಮಾಡಿದ ಅನಾಲಿಸಿಸ್‌ನಿಂದ. ದಯವಿಟ್ಟು ಬರಬೇಕು.”

ಭಾನುವಾರ ಶಾಮಿಯಾನ ತುಂಬಿತ್ತು. ಪರಶುರಾಮನಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಶಾಮಲಾ ಮಾತಾಡಲು ನಿಂತರು. “ಪರಶುರಾಮಣ್ಣ ಎಂಥ ಮನುಷ್ಯರಾಗಿದ್ದರು! ಯಾರ ಹತ್ರವೂ ಏನನ್ನೂ ವಾಪಸ್ ಕೇಳಿದವರಲ್ಲ. ನಗುನಗುತ್ತಾ ಇದ್ದರು.”

ಇದ್ದರು ಎಂದದ್ದು ಪರಶುರಾಮನಿಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಿತು. ಹಳೇ ಪರಶುರಾಮನ ಬಗ್ಗೆ ಹೇಳುತ್ತಿರಬೇಕು ಎಂದುಕೊಂಡು ತಲೆಯಾಡಿಸಿದ. ಹೆಂಗಸರು ಮೂಗೊರೆಸಿಕೊಂಡರು.

ಅಷ್ಟರಲ್ಲಿ ದಿವ್ಯಶ್ರೀ ಮೇಡಂ ಸ್ಕೂಟಿಯಲ್ಲಿ ಬಂದಿಳಿದರು. ಪರಶುರಾಮ ಎದ್ದು, “ಇವರೇ ನನ್ನ ಅನಾಲಿಸಿಸ್ ಮಾಡಿದ ಮೇಡಂ” ಎಂದ. ಸಭೆಯಲ್ಲಿ ಗುಸುಗುಸು ಎದ್ದಿತು. ಇಷ್ಟು ಚಿಕ್ಕ ವಯಸ್ಸಿಗೇ ಗಂಟಲ ಡಾಕ್ಟರು! ಶಾಮಲಾ ಭಕ್ತಿಯಿಂದ ಮೈಕು ಕೊಟ್ಟರು.

“ಎಲ್ಲರಿಗೂ ನಮಸ್ಕಾರ” ಎಂದು ಮೇಡಂ ಹುರುಪಿನಿಂದ ಶುರು ಮಾಡಿದರು. “ಪರಶುರಾಮ್ ಸರ್ ತಮ್ಮ ವೀಕ್‌ನೆಸ್ ಒಪ್ಪಿಕೊಂಡ್ರು. ಆದ್ರೆ ನಾನೊಂದು ಕೇಳ್ತೀನಿ. ಇಲ್ಲಿ ಕೂತಿರೋ ಯಾರಿಗೆ ಇದು ಇಲ್ಲ? ಅಲ್ಲಿ ಕೂತಿದಾರಲ್ಲ ಅಜ್ಜಿ, ಅವರಿಗೂ ಇದೆ. ನನಗೂ ಇದೆ!”

ಅಜ್ಜಿ ಎಂದದ್ದು ಹಾಲಮ್ಮನಿಗೆ. ಹಾಲಮ್ಮ ಗಂಟಲು ಹಿಡಿದುಕೊಂಡಳು.

“ಥ್ರೆಟ್ ಅಂತೂ ಈ ಊರಲ್ಲಿ ಪ್ರತಿಯೊಬ್ಬರಿಗೂ ಇದೆ. ನೀವು ಪರೀಕ್ಷೆ ಮಾಡ್ಕೊಂಡಿಲ್ಲ, ಅಷ್ಟೇ. ಸರ್ ಇದನ್ನ ತಾವೊಬ್ಬರೇ ಇಟ್ಕೋಬಾರದು. ಒಬ್ಬರಿಂದ ಇನ್ನೊಬ್ಬರಿಗೆ ಹರಡಬೇಕು. ಮನೆ ಮನೆಗೂ ತಲುಪಬೇಕು!”

ಮುಂದಿನ ಸಾಲಿನವರು ಸೆರಗು, ಟವೆಲ್ಲುಗಳನ್ನು ಮೂಗಿಗೆ ಕಟ್ಟಿಕೊಂಡರು. ಹಿಂದಿನ ಸಾಲಿನವರು ಕುರ್ಚಿ ಸಮೇತ ಹಿಂದೆ ಸರಿದರು. ಶಾಮಲಾ ಪರಶುರಾಮನ ಪಕ್ಕದಿಂದ ಎದ್ದು ವೇದಿಕೆಯ ಇನ್ನೊಂದು ತುದಿಗೆ ನಡೆದರು. ಚೌಡಪ್ಪ ಮಾತ್ರ ಕದಲಲಿಲ್ಲ. ಎದ್ದು ನಿಂತು, “ಮೇಡಂ, ಬಂದಿದ್ದು ಬರ್ಲಿ. ಮೊದ್ಲು ಇವನನ್ನ ಉಳಿಸಿ. ಆಪರೇಷನ್ ಯಾವಾಗ?” ಎಂದು ಕೂಗಿದ.

“ಯಾವ ಆಪರೇಷನ್?”

“ಗಂಟಲಿಂದು!”

ಮೇಡಂ ಪರಶುರಾಮನನ್ನು ನೋಡಿದರು. ಪರಶುರಾಮ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡ. “ನನ್ನ ಗಂಟಲಿಗೇನಾಗಿದೆ?” ಎಂದು ಅವನು ಕೇಳಿದ ದನಿ ಮೈಕಿನಲ್ಲಿ ಗಟ್ಟಿಯಾಗಿ, ಆರೋಗ್ಯವಾಗಿ ಮೈದಾನವೆಲ್ಲ ಹರಡಿತು.

ಬಿಡಿಸಿ ಹೇಳಲು ಮೇಡಂಗೆ ಸ್ವಲ್ಪ ಹೊತ್ತು ಹಿಡಿಯಿತು. ಇದು ವ್ಯಾಪಾರದವರು ಮಾಡಿಕೊಳ್ಳುವ ಲೆಕ್ಕಾಚಾರ, ರಕ್ತಪರೀಕ್ಷೆಯಲ್ಲ. ತಾನು ಮೇಷ್ಟ್ರು, ಡಾಕ್ಟರಲ್ಲ. ಥ್ರೆಟ್ ಎಂದರೆ ಅಪಾಯ, ಗಂಟಲಲ್ಲ.

“ಅಂದ್ರೆ ಇವರಿಗೆ ಏನೂ ಆಗಿಲ್ವಾ?” ಎಂದು ಶಾಮಲಾ ಕೇಳಿದರು. ಅವರ ದನಿಯಲ್ಲಿ ಸಂತೋಷಕ್ಕಿಂತ, ಖರ್ಚಾದ ಶಾಲಿನ ನೋವು ಹೆಚ್ಚಿತ್ತು. ಎಲ್ಲರೂ ಹಾಲಮ್ಮನತ್ತ ತಿರುಗಿದರು. ಹಾಲಮ್ಮ ತನ್ನ ಎಡಗಿವಿಯನ್ನು ಸಭೆಯತ್ತ ತಿರುಗಿಸಿ ಏನೂ ಕೇಳಿಸದವಳಂತೆ ಕೂತಳು. ಚೌಡಪ್ಪ ಜೇಬಿನಿಂದ ಬೀಗದ ಕೈ ತೆಗೆದು ಪರಶುರಾಮನ ತೊಡೆಯ ಮೇಲಿದ್ದ ಹಣ್ಣಿನ ಬುಟ್ಟಿಗೆ ಎಸೆದ. “ತಗೋ ಮಾರಾಯ, ನಿನ್ನ ಸೋರೋ ಶಾಮಿಯಾನ ನೀನೇ ಇಟ್ಕೋ. ಸುಮ್ನೆ ಊರೆದುರಿಗೆ ಅಳಿಸಿದೆಯಲ್ಲ ನನ್ನ!” ಎಂದವನು ಬಯ್ಯುತ್ತ ಬಯ್ಯುತ್ತಲೇ ಮತ್ತೊಮ್ಮೆ ಕಣ್ಣೊರೆಸಿಕೊಂಡ.

ಆಗ ಹೆಂಗಸರ ಸಾಲಿನಿಂದ ಶೀಲಾ ಎದ್ದಳು. ಯಾರನ್ನೂ ನೋಡದೆ ವೇದಿಕೆ ಹತ್ತಿ, ಗಂಡನ ಎದುರು ನಿಂತು, “ಬಾಯಿ ತೆಗೀರಿ” ಎಂದಳು. ಅವನು ತೆರೆದ. ಅವಳು ಬಗ್ಗಿ ಒಳಗೆ ನೋಡಿದಳು. ಗಂಟಲಿನ ಮೇಲೆ ಬೆರಳಿಟ್ಟು ಒತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿ ಮತ್ತೆ ನೋಡಿದಳು. ಮೈಕು ಅವಳ ಪಕ್ಕದಲ್ಲೇ ಇದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

“ಮೂರು ತಿಂಗಳು ಅಂದ್ರಲ್ರೀ!” ಎಂಬ ಕೂಗಿಗೆ ಶಾಮಿಯಾನದ ಬಟ್ಟೆ ಅದುರಿತು. “ಬುದ್ಧಿ ಇದೆಯೇನ್ರೀ ನಿಮಗೆ? ಮನುಷ್ಯರು ಆಡೋ ಮಾತೇನ್ರೀ ಅದು? ಹಳೇ ಪರಶುರಾಮ ಇರಲ್ವಂತೆ! ನೀವು ಗೊರಕೆ ನಿಲ್ಸಿದಾಗೆಲ್ಲ ಎದ್ದು ಮೂಗಿನ ಹತ್ರ ಕೈ ಹಿಡಿದು ನೋಡ್ತಿದ್ದೆ ಕಣ್ರೀ ನಾನು. ಉಸಿರು ತಾಗಿದ್ಮೇಲೇ ಮಲಗ್ತಿದ್ದೆ...”

ಅಲ್ಲಿ ಅವಳ ದನಿ ಒಡೆಯಿತು. ತಾನು ತೇಲುತ್ತಿದ್ದ ಅಷ್ಟೂ ದಿನ ಇವಳು ಮುಳುಗುತ್ತಿದ್ದಳು ಎಂಬುದು ಪರಶುರಾಮನಿಗೆ ಈಗ ತಿಳಿಯಿತು.

“ತಪ್ಪಾಯ್ತು ಶೀಲಾ” ಎಂದ.

“ಮಾತಾಡ್ಬೇಡಿ ನೀವು! ಗಂಟಲಿಗೆ ಏನಾಗಿದೆ ಅಂತ ಕೇಳ್ತಾರೆ ಮಹಾರಾಯ್ರು. ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೆದ್ರಲ್ಲ, ಅದಕ್ಕೆಲ್ಲ ಬಾಯಿ ಕಟ್ಕೊಂಡು ಸುಮ್ನಿದ್ದೆ. ಕಾಫಿ ಚೆಲ್ಲಿದ್ದಕ್ಕೆ ಸುಮ್ನಿದ್ದೆ. ಒಂದೊಂದಕ್ಕೂ ಈಗ ಕೇಳಿಸ್ಕೊಳಿ!”

ಮೈಕಿನ ಪೆಟ್ಟಿಗೆಯ ಹತ್ತಿರ ಕೂತಿದ್ದ ಚೌಡಪ್ಪ ಮೆಲ್ಲನೆ ಕೈ ಚಾಚಿ ಸದ್ದನ್ನು ಇನ್ನೊಂದಿಷ್ಟು ಏರಿಸಿದ. ಮನೆಗೆ ಹೊರಡಲೆಂದು ಎದ್ದವರು ಮತ್ತೆ ಕೂತರು. ಹೊಸ ಶಾಮಿಯಾನದ ಬಟ್ಟೆಯೊಳಗಿಂದ ಬೆಳಗಿನ ಬಿಸಿಲು ನೀಲಿಯಾಗಿ ಇಳಿದು ಶೀಲಾಳ ಕೆನ್ನೆ, ಒದ್ದೆ ಕಣ್ಣು, ಬೀಸುವ ಕೈಗಳ ಮೇಲೆ ಹರಿದಾಡುತ್ತಿತ್ತು. ಪರಶುರಾಮ ಪೇಟ ತೆಗೆದು ಪಕ್ಕಕ್ಕಿಟ್ಟು, ಶಾಲನ್ನು ಸರಿಯಾಗಿ ಹೊದ್ದು, ಕುರ್ಚಿಗೆ ಒರಗಿ ಕೂತ.

“ಕೇಳಿಸ್ತಿದೆಯೇನ್ರೀ?” ಎಂದಳು ಶೀಲಾ.

“ಕೇಳಿಸ್ತಿದೆ” ಎಂದ ಪರಶುರಾಮ. “ಹೇಳು.”